ಅಂಚು ಕತ್ತರಿಸಿದ ಪಾಸ್‌ಪೋರ್ಟ್

ಇಪ್ಪತ್ತೆರಡು ವರ್ಷ ಕಂಡವರ ಹಾಸಿಗೆಯ ಪಕ್ಕ ನಿಂತ ದಾದಿಗೆ, ಒಡಹುಟ್ಟಿದ ಅಕ್ಕ ದೂರದ ಭಾರತದಲ್ಲಿ ಹಾಸಿಗೆ ಹಿಡಿದಾಗ ಪಕ್ಕದಲ್ಲಿ ನಿಲ್ಲುವ ಯೋಗವಿರಲಿಲ್ಲ. ಲಕ್ವ ಹೊಡೆದು ಅಕ್ಕನ ಎಡಭಾಗ ಬಿದ್ದುಹೋಗಿತ್ತು. ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕು.

“ನೋಡ್ಕೊಳ್ಳೋಕೆ ಬಂದಿರೋಳು ನನ್ನನ್ನ ಮೂಟೆ ಹೊರಳಿಸೋ ಹಾಗೆ ಹೊರಳಿಸ್ತಾಳೆ ಕಣೇ. ಯಾವಾಗ ಬರ್ತೀಯ?” ಎಂದು ಫೋನಿನಲ್ಲಿ ಕೇಳುತ್ತಿದ್ದಳು.

ನೋಡಿ ಬರುವ ಮಾತಲ್ಲ, ಹೋಗಿ ಇರುವ ಮಾತು. ಅದಕ್ಕೆ ಗಂಡಹೆಂಡಿರಿಬ್ಬರಿಗೂ, ಪರದೇಶದ ಪ್ರಜೆಗಳಾದವರನ್ನು ಭಾರತದಲ್ಲಿ ಬೇಕಾದಷ್ಟು ದಿನ ಇರಲು ಬಿಡುವ ಓಸಿಐ ಕಾರ್ಡು ಬೇಕಿತ್ತು. ಅವಳು ಭಾರತದಲ್ಲೇ ಹುಟ್ಟಿದವಳು, ಕಾಗದಪತ್ರವೆಲ್ಲ ಸರಿಯಾಗಿತ್ತು. ಗಂಡ ಹುಟ್ಟಿದ್ದು ಈ ಪರದೇಶದಲ್ಲೇ. ತಾಯಿ ಭಾರತದವಳೆಂದು ತೋರಿಸಿದರೆ ಅವನಿಗೂ ಕಾರ್ಡು ಸಿಗುತ್ತಿತ್ತು; ಅದಕ್ಕೆ ಅವನ ಬಳಿಯಿದ್ದ ಸಾಕ್ಷಿ, ಬೆನ್ನು ಬಿಟ್ಟು ಹಾಳೆ ಉದುರುತ್ತಿದ್ದ ಆಕೆಯ ಹಳೇ ಪಾಸ್‌ಪೋರ್ಟ್ ಒಂದೇ.

ಗಂಡ ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬಿನವನು. ತಾಯಿಯದ್ದನ್ನು ಚಿಂದಿಯಂತೆ ಹಿಡಿದು ಸರ್ಕಾರದ ಮುಂದೆ ನಿಲ್ಲಲು ಅವನಿಗೆ ಮನಸ್ಸು ಬರಲಿಲ್ಲ. ಒಂದು ಭಾನುವಾರ ಹಳೇ ಹೊಲಿಗೆ ಬಿಚ್ಚಿ, ಹೊಸ ದಾರದಲ್ಲಿ ಹೊಲಿದು, ನೀಲಿ ಬಟ್ಟೆಯ ರಟ್ಟು ಕಟ್ಟಿ, ಕೊನೆಗೆ ಕಸುಬಿನ ರೂಢಿಯಂತೆ ಮೂರೂ ಬದಿಯ ಅಂಚನ್ನು ಯಂತ್ರಕ್ಕೆ ಕೊಟ್ಟು ಕತ್ತರಿಸಿದ. ಹೆಂಡತಿ ಬೆರಗಾಗಲೆಂದು ಬಾಯಿಬಿಡಲಿಲ್ಲ.

ಅರ್ಜಿ ತೆಗೆದುಕೊಳ್ಳುವ ಕೌಂಟರಿನ ಗುಮಾಸ್ತೆ ಕನ್ನಡದವಳೇ. ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಇದೇನ್ ಸರ್, ಡೈರಿ ತಂದಿದೀರಾ?”

“ನಮ್ಮ ತಾಯಿ ಪಾಸ್‌ಪೋರ್ಟ್ ಕಣಮ್ಮ. ಚೆನ್ನಾಗಿ ಬಂದಿದೆ ಅಲ್ವಾ?”

“ಇದರ ಹಾಳೆಗಳ ಮೇಲಂಚಲ್ಲಿ ತೂತು ಕೊರೆದ ನಂಬರ್ ಇತ್ತು ಸರ್. ಅರ್ಧ ಕತ್ತರಿಸಿ ಹೋಗಿದೆ. ತಿದ್ದಿದ ದಾಖಲೆ ಅಂತ ವಾಪಸ್ ಕಳಿಸ್ತಾರೆ.” ಮತ್ತೆ ದಾದಿಯ ಕಡೆ ತಿರುಗಿ, “ನಿಮ್ಮ ಗಂಡ ಅನ್ನೋ ಆಧಾರದ ಮೇಲೆ ಹಾಕಬಹುದು. ಮದುವೆ ಯಾವಾಗ ನೋಂದಣಿ ಆಯ್ತು?” ಎಂದಳು.

ಹಿರಿಯರ ಮುಂದೆ ಮದುವೆಯಾಗಿ ಹದಿನೆಂಟು ವರ್ಷ. ಕಚೇರಿಯಲ್ಲಿ ನೋಂದಾಯಿಸಿ ಎಂಟೇ ತಿಂಗಳು.

“ನೋಂದಣಿ ಆಗಿ ಎರಡು ವರ್ಷ ತುಂಬಬೇಕು ಮೇಡಂ. ಇನ್ನೂ ಹದಿನಾರು ತಿಂಗಳು.”

“ಹದಿನೆಂಟು ವರ್ಷ ಇವರ ಗೊರಕೆ ಕೇಳಿದೀನಿ, ಅದು ಲೆಕ್ಕಕ್ಕಿಲ್ವಾ?”

“ಗೊರಕೆಗೆ ಯಾರೂ ಸರ್ಟಿಫಿಕೇಟ್ ಕೊಡಲ್ವಲ್ಲ ಮೇಡಂ.” ಗುಮಾಸ್ತೆಗೂ ಪಾಪ ಅನ್ನಿಸಿರಬೇಕು; ದನಿ ತಗ್ಗಿಸಿದಳು. “ನಿಮ್ಮ ಅರ್ಜಿ ಒಂದನ್ನೇ ತಗೊಳ್ಳಲಾ?”

“ಬೇಡ. ಎರಡನ್ನೂ ವಾಪಸ್ ಕೊಟ್ಬಿಡಿ,” ಎಂದಳು ದಾದಿ.

ಮನೆಯ ಬಾಗಿಲು ಹಾಕಿದ ಮೇಲೆ ಅವಳು ಕೇಳಿದಳು: “ನನ್ನನ್ನ ಒಂದು ಮಾತು ಕೇಳಬಾರದಿತ್ತಾ ರೀ?”

“ಕೇಳಿದ್ರೆ ನೀನು ಬೇಡ ಅಂತಿದ್ದೆ.”

“ಅಂತಿದ್ದೆ! ಅದಕ್ಕೇ ಕೇಳಬೇಕಿತ್ತು.”

ಅವನು ಶೂ ಕಳಚದೆ ಕುರ್ಚಿಯಲ್ಲಿ ಕೂತ. “ನಮ್ಮಮ್ಮ ಉಳಿಸಿಹೋಗಿದ್ದನ್ನ ಕೈಯಾರೆ ಹಾಳು ಮಾಡ್ದೆ ಕಣೇ.” ಆಮೇಲೆ, “ನೀನು ಹೋಗು. ಹದಿನಾರು ತಿಂಗಳು ಕಳೀತೀನಿ,” ಎಂದ.

“ಬೆಳಿಗ್ಗೆ ನಿಮ್ಮ ಕನ್ನಡಕ ಹುಡುಕಿಕೊಡೋಕೆ ಯಾರು ಬರ್ತಾರೆ? ಸುಮ್ನಿರಿ.”

ಅಷ್ಟರಲ್ಲಿ ಅಕ್ಕನ ಫೋನು. ಆದದ್ದನ್ನೆಲ್ಲ ಕೇಳಿ ಅಕ್ಕ ನಕ್ಕಳು. “ದೇವರಂಥ ಗಂಡ ನಿಂದು. ಈಗ ದೇವರನ್ನೂ ಕಾಗದ ಕೇಳ್ತಾರೆ. ನನ್ನ ಒಂದು ಮಗ್ಗುಲು ಬಿತ್ತು ಅಂತ ನಿನ್ನ ಮಗ್ಗುಲಲ್ಲಿರೋನನ್ನ ಬಿಟ್ಟು ಬರಬೇಡ. ಇಬ್ಬರೂ ಒಟ್ಟಿಗೇ ಬನ್ನಿ. ನಾನು ಎಲ್ಲಿಗೆ ಓಡಿಹೋಗ್ತೀನಿ?”

ನಗುವಿನ ಕೊನೆಯಲ್ಲಿ ಅಕ್ಕ ಉಸಿರನ್ನು ಹಲ್ಲುಕಚ್ಚಿ ಎಳೆದುಕೊಂಡದ್ದು ದಾದಿಯ ಕಿವಿಗೆ ಬಿತ್ತು.

“ಅಕ್ಕ, ಬೆನ್ನಲ್ಲಿ ಹುಣ್ಣಾಗಿದೆಯಾ?”

“ಅಲ್ಲಿ ಈಗ ಚಳಿ ಜಾಸ್ತಿನಾ?” ಎಂದು ಅಕ್ಕ ಮಾತು ತಿರುಗಿಸಿದಳು.

“ಅಕ್ಕ.”

“ಆಗಿದೆ,” ಎಂದಳು ಅಕ್ಕ, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ. “ಎರಡು.”

ಹಾಸಿಗೆ ಹುಣ್ಣು ಹದಿನಾರು ತಿಂಗಳು ಕಾಯುವುದಿಲ್ಲವೆಂದು ದಾದಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಫೋನಿಟ್ಟಳು. ಚೀಲದಿಂದ ಎರಡೂ ಅರ್ಜಿ ತೆಗೆದು, ಗಂಡನದ್ದನ್ನು ಮೇಜಿನ ಮೇಲಿಟ್ಟು, ತನ್ನದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು.

“ನಾಳೆ ನನ್ನದನ್ನ ಕೊಟ್ಟು ಬರ್ತೀನಿ ರೀ,” ಎಂದಳು, ಅವನ ಮುಖ ನೋಡದೆ.

“ನಾನೂ ಬರ್ಲಾ?”

“ಬನ್ನಿ. ಅಲ್ಲಿವರೆಗಾದ್ರೂ ಬನ್ನಿ.”