ಸೋತರೆ ರಜೆ

ಸೋತರೆ ಮಗ ಊರಿಗೆ ಬರುತ್ತಾನೆ, ಗೆದ್ದರೆ ಬಾಂಬೆಗೆ ಹೋಗುತ್ತಾನೆ. ಪಿಂಚಣಿಯ ಮೇಲಿದ್ದ ಹವಾಲ್ದಾರ್ ಬೆಳ್ಯಪ್ಪ ಇಷ್ಟು ಸುದ್ದಿ ಕೊಟ್ಟು ಹೋದ ಮೇಲೆ ಲಿಂಗಮ್ಮನಿಗೆ ಇದ್ದಕ್ಕಿದ್ದಂತೆ ಹಾಕಿ ಆಟದಲ್ಲಿ ಆಸಕ್ತಿ ಹುಟ್ಟಿತು.

ಕೊಡಗು ತನ್ನದೇ ಮುಖ್ಯಮಂತ್ರಿಯನ್ನು ಇಟ್ಟುಕೊಂಡು ಒಂದು ರಾಜ್ಯವಾಗಿ ಮೆರೆಯುತ್ತಿದ್ದ ಕಾಲ. ಕುಶಾಲನಗರವನ್ನು ಜನ ಇನ್ನೂ ಫ್ರೇಜರ್‌ಪೇಟೆ ಎನ್ನುತ್ತಿದ್ದರು. ಹಾಸನದ ಕಡೆಯಿಂದ ಬಂದು ಅಲ್ಲಿ ಗದ್ದೆ ಮಾಡಿಕೊಂಡಿದ್ದ ಸಿದ್ದರಾಜು ಮತ್ತು ಲಿಂಗಮ್ಮನ ಮನೆಯಲ್ಲಿ ಕೋಲು ಹಿಡಿಯುವುದೆಂದರೆ ದನ ಅಟ್ಟುವುದಕ್ಕೆ. ಮಗ ನಾಗರಾಜು ಮಾತ್ರ ಮಡಿಕೇರಿಯ ಶಾಲೆಗೆ ಹೋಗಿ, ತುದಿ ಬಾಗಿದ ಕೋಲೊಂದನ್ನು ಹಿಡಿದುಕೊಂಡು ಬಂದ. ಸೈನ್ಯದವರು ಅವನನ್ನು ಸೇರಿಸಿಕೊಂಡದ್ದು ಆ ಕೋಲನ್ನು ನೋಡಿ. ಮೂರು ವರ್ಷವಾದರೂ ಊರಿಗೆ ಬಿಡದೆ ಇಟ್ಟುಕೊಂಡದ್ದೂ ಅದರ ದೆಸೆಯಿಂದಲೇ. ಒಂದು ಟೂರ್ನಮೆಂಟು ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗುತ್ತಿತ್ತು. ಮನೆಯಲ್ಲಿದ್ದಾಗ ಊಟವಾದ ಮೇಲೆ ಅವನು ತಾಯಿಯ ಸೆರಗಿಗೇ ಕೈ ಒರೆಸಿಕೊಳ್ಳುತ್ತಿದ್ದ. ಈಗ ಸೆರಗು ದಿನವಿಡೀ ಒಣಗಿಯೇ ಇರುತ್ತಿತ್ತು. ಇದೊಂದು ದುಃಖ ಎಂದು ಯಾರ ಮುಂದೆ ಹೇಳಿಕೊಳ್ಳುವುದು?

ದೆಹಲಿಯ ಫೈನಲ್ಲಿನ ವರ್ಣನೆ ಶನಿವಾರ ರೇಡಿಯೋದಲ್ಲಿ ಬರುತ್ತದೆಂದು ಗೊತ್ತಾಯಿತು. ರೇಡಿಯೋ ಇದ್ದದ್ದು ಪೇಟೆಯ ಕಿರಾಣಿ ಅಂಗಡಿಯಲ್ಲಿ. ಅಂಗಡಿಯವರ ಮಗ ಧರ್ಮಪಾಲ ಮೈಸೂರಿನಲ್ಲಿ ಬಿ.ಎ. ಮುಗಿಸಿದ್ದ. ಕಾವೇರಿಯ ಸೇತುವೆ ದಾಟಿದರೆ ಮೈಸೂರು ರಾಜ್ಯವಾದ್ದರಿಂದ ಅವನು ವಿದೇಶದಲ್ಲಿ ಓದಿದವನ ಗತ್ತಿನಲ್ಲಿ ಓಡಾಡುತ್ತಿದ್ದ. ತಹಶೀಲ್ದಾರರ ಕೆಮ್ಮಿನಿಂದ ಹಿಡಿದು ಬಸ್ ಕಂಡಕ್ಟರನ ಸೀಟಿಯವರೆಗೆ ಎಲ್ಲವನ್ನೂ ಅನುಕರಿಸುವುದು ಅವನ ನಿಜವಾದ ಪದವಿ.

ಶುಕ್ರವಾರ ಗಂಡಹೆಂಡತಿ ಅವನ ಹತ್ತಿರ ಪಾಠಕ್ಕೆ ಕೂತರು. ಧರ್ಮಪಾಲ ಗಲ್ಲಾಪೆಟ್ಟಿಗೆಯ ಮೇಲೆ ಎರಡು ಬೆಲ್ಲದಚ್ಚು ಇಟ್ಟು, ಅವುಗಳ ಮುಂದೆ ಸೀಮೆಸುಣ್ಣದಲ್ಲಿ ಅರ್ಧ ರೊಟ್ಟಿಯಷ್ಟು ಗೆರೆ ಎಳೆದ.

"ಬೆಲ್ಲದ ಮಧ್ಯೆ ಗೋಲು. ಈ ಅರ್ಧ ರೊಟ್ಟಿ ಡಿ. ಇದರೊಳಗಿಂದ ಹೊಡೆದ್ರೆ ಮಾತ್ರ ಗೋಲು."

"ಹೊರಗಿಂದ ಹೊಡೆದ್ರೆ?" ಸಿದ್ದರಾಜು ಕೇಳಿದ.

"ಹೊರಗಿಂದ ಹೊಡೆದ್ರೆ ವ್ಯಾಯಾಮ. ಆಟ ಶುರುವಾಗೋದು ಬುಲ್ಲಿಯಿಂದ. ಇಬ್ರು ಎದುರುಬದುರು ನಿಂತು ಕೋಲನ್ನ ನೆಲಕ್ಕೊಂದ್ಸಲ, ಕೋಲಿಗೊಂದ್ಸಲ ತಟ್ಟೋದು, ಹಿಂಗೆ ಮೂರು ಸರ್ತಿ."

"ಕೋಲಾಟ ಅನ್ನು," ಎಂದಳು ಲಿಂಗಮ್ಮ.

"ಹಾಡಿಲ್ಲದ ಕೋಲಾಟ. ಕೋಲು ಭುಜಕ್ಕಿಂತ ಮೇಲೆ ಎತ್ತಿದ್ರೆ ಸ್ಟಿಕ್ಸ್ ಅಂತಾರೆ, ತಪ್ಪು. ಚೆಂಡು ಕಾಲಿಗೆ ತಗುಲಿದ್ರೂ ತಪ್ಪು. ಇನ್ನು ಆಫ್‌ಸೈಡು. ಎಲೆ ಹಾಕೋಕೆ ಮುಂಚೆನೇ ಪಂಕ್ತೀಲಿ ಹೋಗಿ ಕೂತಿರ್ತಾರಲ್ಲ, ಅದು."

"ಇವ್ರ ತಮ್ಮ," ಎಂದು ಲಿಂಗಮ್ಮ ಗಂಡನ ಕಡೆ ತೋರಿಸಿದಳು.

ಸಿದ್ದರಾಜು ಕೇಳಿಸದವನಂತೆ, "ನಮ್ಮ ಹುಡುಗ ಎಲ್ಲಿ ನಿಲ್ತಾನೆ?" ಎಂದ.

"ಫುಲ್‌ಬ್ಯಾಕು. ಫುಲ್ಲೂ ಬ್ಯಾಕು. ಗೋಲು ಕಾಯೋ ಗೋಲಿ ಬಿಟ್ರೆ ಇವನೇ ಕೊನೆ ಬೇಲಿ."

ಲಿಂಗಮ್ಮ ಬೆಲ್ಲದಚ್ಚಿನ ಹತ್ತಿರ ಬೆರಳಿಟ್ಟಳು. "ಹಂಗಾದ್ರೆ ಇವನನ್ನ ದಾಟಿದ್ರೆ ನಾವು ಸೋತಂಗೆ."

"ಅಷ್ಟೇ. ಆದ್ರೆ ಹೆದರ್ಬೇಡಿ."

"ನಾನ್ಯಾಕಪ್ಪ ಹೆದರ್ಲಿ," ಎಂದಳು ಅವಳು.

ಶನಿವಾರ ಮಧ್ಯಾಹ್ನ ಅಂಗಡಿಯ ತುಂಬ ಜನ. ಬೆಳ್ಯಪ್ಪ ಮೀಸೆ ತಿರುವಿಕೊಂಡು ಸ್ಟೂಲಿನ ಮೇಲೆ ಕೂತಿದ್ದ. ರೇಡಿಯೋದವನು ಇಂಗ್ಲಿಷಿನಲ್ಲಿ ಒದರಿದ್ದನ್ನು ಧರ್ಮಪಾಲ ಅದೇ ಏದುಸಿರಿನಲ್ಲಿ ಕನ್ನಡಕ್ಕೆ ಇಳಿಸುತ್ತಿದ್ದ. ಮೊದಲ ಅರ್ಧದಲ್ಲಿ ಸೈನ್ಯದ ತಂಡ ಒಂದು ಗೋಲು ಹೊಡೆಯಿತು. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಲಿಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಆಮೇಲೆ ಎದುರು ತಂಡ ಚೆಂಡನ್ನು ಡಿಯೊಳಕ್ಕೆ ತಂದಾಗ ಅವಳ ಮುಖ ಅರಳಿತು. ಹೊಡೆದದ್ದು ಹೊರಕ್ಕೆ ಹೋಯಿತು. "ಅಯ್ಯೋ," ಎಂದಳು.

ಪಾಠ ತಲೆಕೆಳಗಾಗಿ ಇಳಿದಿದೆ ಎಂದುಕೊಂಡ ಧರ್ಮಪಾಲ, ವಿರಾಮದಲ್ಲಿ ಅವಳ ಹತ್ತಿರ ಬಂದ.

"ಅಮ್ಮಾ, ಅದು ಅವರ ಕಡೆಯೋರು."

"ಗೊತ್ತು."

"ಮತ್ತೆ ನೀವು ಯಾವ ಕಡೆ?"

"ನಾನು ನನ್ ಕಡೆ ಕಣಪ್ಪ," ಎಂದು ದನಿ ತಗ್ಗಿಸಿದಳು. "ಸೋತ್ರೆ ತಾನೆ ರಜೆ? ಒಂದ್ಸಲ ಸೋತ್ರೆ ಸರ್ಕಾರಕ್ಕೇನು ನಷ್ಟ? ಮೂರು ವರ್ಷದಿಂದ ಅವರು ಗೆಲ್ತಾನೇ ಅವ್ರೆ, ನಾನು ಕಾಯ್ತಾನೇ ಇದೀನಿ."

ಧರ್ಮಪಾಲ ಮತ್ತೆ ಹೋಗಿ ರೇಡಿಯೋದ ಪಕ್ಕ ನಿಂತ.

ಎರಡನೆಯ ಅರ್ಧದಲ್ಲಿ ಎದುರು ತಂಡದವರು ಮುತ್ತಿಗೆ ಹಾಕಿದರು. ಹಾಗೆ ಹಾಕಿದಾಗಲೆಲ್ಲ ರೇಡಿಯೋದಿಂದ ಒಂದು ಹೆಸರು ಬರತೊಡಗಿತು. "ನ್ಯಾಗ್ರಾಜ್." ಇನ್ನೊಮ್ಮೆ, "ನ್ಯಾಗ್ರಾಜ್ ಕ್ಲಿಯರ್ಸ್."

"ಅದ್ಯಾರು?" ಎಂದಳು ಲಿಂಗಮ್ಮ.

"ನಿಮ್ಮ ಮಗನೇ, ಚೆಂಡನ್ನ ಆಚೆಗಟ್ಟಿದ. ದೆಹಲಿ ನೀರಿಗೆ ಹೆಸರು ಸ್ವಲ್ಪ ಕುಗ್ಗಿದೆ."

ಲಿಂಗಮ್ಮ ಎದ್ದು ರೇಡಿಯೋದ ಹತ್ತಿರಕ್ಕೇ ಹೋದಳು. ಪೆಟ್ಟಿಗೆಯ ಮುಂಭಾಗಕ್ಕೆ ಹೊದಿಸಿದ್ದ ಬಟ್ಟೆ ಪ್ರತಿ ಮಾತಿಗೂ ಸಣ್ಣಗೆ ನಡುಗುತ್ತಿತ್ತು. ಅದರ ಮೇಲೆ ಅಂಗೈ ಇಟ್ಟಳು. ಬೇಡವೆನ್ನಲು ಅಂಗಡಿಯವರು ಬಾಯಿ ತೆರೆದರು. ಸಿದ್ದರಾಜು ಅವರ ಮೊಣಕೈ ಹಿಡಿದ.

ಇನ್ನೇನು ಆಟ ಮುಗಿಯಬೇಕು. ಅಷ್ಟರಲ್ಲಿ ಧರ್ಮಪಾಲನ ಸ್ವರ ಬಿದ್ದುಹೋಯಿತು. "ಶಾರ್ಟ್ ಕಾರ್ನರ್. ಅವರಿಗೆ."

ಪಾಠದಲ್ಲಿ ಇದೂ ಆಗಿತ್ತು. ಗೋಲಿನ ಗೆರೆಯಿಂದ ಒಬ್ಬ ಚೆಂಡು ತಳ್ಳುತ್ತಾನೆ, ಡಿಯ ಅಂಚಿನಲ್ಲಿ ನಿಂತವನು ಅದನ್ನು ಬಾರಿಸುತ್ತಾನೆ, ತಡೆಯುವವರು ಗೆರೆಯ ಹಿಂದೆ ಕಾದಿರುತ್ತಾರೆ. ಲಿಂಗಮ್ಮನಿಗೆ ಕಣ್ಣಿಗೆ ಕಟ್ಟಿದಂತಾಯಿತು. ಇಷ್ಟು ಹೊತ್ತು ಬೇಡಿಕೊಂಡಿದ್ದು ಇದನ್ನೇ. ಇದೊಂದು ಒಳಗೆ ಹೋದರೆ ಸರಿಸಮ, ಇನ್ನೊಂದು ಹೋದರೆ ಮಗ ಮನೆಯಲ್ಲಿ.

"ತಳ್ಳಿದ್ರು... ಹೊಡೆದ್ರು... ಗೋಲಿಯನ್ನ ದಾಟ್ತು..."

"ತಡಿ ಮಗನೇ," ಎಂದು ಲಿಂಗಮ್ಮ ಕೂಗಿದಳು. ಹೊಳೆಯಾಚೆಯವನನ್ನು ಕರೆಯುವ ದನಿ ಅದು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ರೇಡಿಯೋದವನು ಉಸಿರು ಕಟ್ಟಿ ಅದೇ ಹೆಸರನ್ನು ಎರಡೆರಡು ಸಲ ಹೇಳಿದ. ಧರ್ಮಪಾಲನಿಗೆ ಯಾರ ಅನುಕರಣೆಯೂ ನೆನಪಿಗೆ ಬರಲಿಲ್ಲ. ತನ್ನದೇ ಸ್ವರದಲ್ಲಿ, "ಗೆರೆ ಮೇಲೆ ತಡೆದ. ನಾಗರಾಜು ತಡೆದ," ಎಂದ.

ಸ್ವಲ್ಪ ಹೊತ್ತಿಗೆ ಸೀಟಿ ಕೇಳಿಸಿತು. ಗೆದ್ದರು.

ಬೆಳ್ಯಪ್ಪ ಸಿದ್ದರಾಜುವಿನ ಬೆನ್ನಿಗೆ ಗುದ್ದಿದ. "ಎಂತ ಹುಡುಗ ಮಾರಾಯ ನಿಂದು. ಇನ್ನು ಬಾಂಬೆಯವರಿಗೆ ಉಂಟು ನೋಡು."

ರೇಡಿಯೋ ಆರಿಸಿದರು. ಅಂಗೈ ಕೆಳಗಿನ ಬಟ್ಟೆ ನಿಶ್ಚಲವಾಯಿತು. ಲಿಂಗಮ್ಮ ಇನ್ನೂ ಕೈ ತೆಗೆದಿರಲಿಲ್ಲ.

"ಹವಾಲ್ದಾರ್ರೇ," ಎಂದಳು. "ಬಾಂಬೆ ಆದ್ಮೇಲೆ ರಜೆ ತಾನೆ?"

"ಬಾಂಬೆ ಗೆದ್ರೆ ಕಲ್ಕತ್ತಾ ಉಂಟಲ್ಲ ಲಿಂಗಮ್ಮ. ಸೋತ್ರೆ ರಜೆ."

"ಎಲ್ಲಿ ಸೋಲ್ತಾರೆ," ಎಂದು ಅವಳು ದೂರು ಹೇಳುವವಳಂತೆ ಅಂದಳು. "ಹಿಂದ್ಗಡೆ ಅವನು ನಿಂತಿರುವಾಗ."