ಮೂವರು ಗಿರಾಕಿಗಳ ಶಿಫಾರಸು

ಯಂಕಂಚಿಯ ಹಿಟ್ಟಿನ ಗಿರಣಿಗೆ ಬಂದು ತಕರಾರು ಮಾಡದೆ ಮನೆಗೆ ಹೋದ ಹೆಂಗಸನ್ನು ಯಾರೂ ನೋಡಿಲ್ಲ. ಹಾಕಿದ ಜೋಳ ಹೆಚ್ಚು, ಬಂದ ಹಿಟ್ಟು ಕಡಿಮೆ. ನನಗಿಂತ ಮುಂಚೆ ಯಾರದೋ ಸಜ್ಜೆ ಬೀಸಿದ್ದಕ್ಕೆ ನನ್ನ ರೊಟ್ಟಿ ಕಪ್ಪಾಯಿತು. ಪಾಳಿ ನನ್ನದು, ಬೀಸಿದ್ದು ಅವಳದು. ಡೀಸೆಲ್ ಎಂಜಿನ್ನಿನ ಸದ್ದನ್ನು ಮೀರಿ ಮಾತು ಕೇಳಿಸಬೇಕಾದ್ದರಿಂದ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ಹಾಗೆ ರೂಢಿಯಾಗಿ, ಎಂಜಿನ್ ಬಂದಾದ ಮೇಲೂ ಮೆಲ್ಲಗೆ ಮಾತಾಡುವುದು ಯಾರಿಗೂ ನೆನಪಾಗುತ್ತಿರಲಿಲ್ಲ.

ಈ ಗದ್ದಲದ ನಡುವೆ ಆರು ವರ್ಷ ಜೋಳದ ಚೀಲದ ಮೇಲೆ ಕುಳಿತು ಪಾಳಿ ನಡೆಸಿದವಳು ರೇವವ್ವ. ಗಿರಣಿ ಅವಳ ಅಣ್ಣ ಅಮಸಿದ್ದನದು. ಮ್ಯಾಟ್ರಿಕ್ ಪಾಸಾಗಿ, ಮದುವೆಯಾಗಿ, ಗಂಡ ತೀರಿಕೊಂಡ ಮೇಲೆ ಹಸುಗೂಸನ್ನು ಎತ್ತಿಕೊಂಡು ಅಣ್ಣನ ಮನೆಗೆ ಬಂದಿದ್ದಳು. ಅತ್ತಿಗೆ ಕೆಟ್ಟವಳೇನಲ್ಲ, ಬಿಸಿರೊಟ್ಟಿಯನ್ನೇ ಹಾಕುತ್ತಿದ್ದಳು. ಆದರೆ ಅಣ್ಣನ ಮನೆಯ ರೊಟ್ಟಿ ಎಷ್ಟು ಬಿಸಿಯಿದ್ದರೂ ಗಂಟಲಲ್ಲಿ ಒಂದು ಗಳಿಗೆ ನಿಂತೇ ಇಳಿಯುತ್ತದೆ. ಸಿಂದಗಿಯಲ್ಲಿ ಒಂದು ಕೋಣೆ ಹಿಡಿಯಬೇಕು, ಮಗಳನ್ನು ಅಲ್ಲಿನ ಶಾಲೆಗೆ ಹಾಕಬೇಕು, ತಾನು ದುಡಿದ ರೊಟ್ಟಿ ತಿನ್ನಬೇಕು. ರೇವವ್ವನಿಗೆ ಇದ್ದದ್ದು ಇದೊಂದೇ ಆಸೆ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಸಿಂದಗಿಯ ಹೊಸ ಸಹಕಾರಿ ಅಂಗಡಿಯವರು ಕೌಂಟರಿಗೆ ಒಬ್ಬ ಗುಮಾಸ್ತರು ಬೇಕೆಂದು ಜಾಹೀರಾತು ಹಾಕಿದರು. ಅದರ ಕಡೆಯ ಸಾಲಿನಲ್ಲಿ "ಗಿರಾಕಿಗಳ ಸಂಗಡ ವ್ಯವಹರಿಸಿದ ಅನುಭವವುಳ್ಳವರಿಗೆ ಆದ್ಯತೆ, ಅನುಭವದ ದಾಖಲೆ ಲಗತ್ತಿಸತಕ್ಕದ್ದು" ಎಂದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಕೇಳುತ್ತಾರಲ್ಲ ಎಂದುಕೊಂಡ ರೇವವ್ವ, ಅರ್ಜಿಯ ಭಾಷೆ ತನಗೆ ಒಗ್ಗದೆಂದು ಆ ಕಾಗದ ಹಿಡಿದುಕೊಂಡು ಬಸಂತರಾಯ ಮಾಸ್ತರರ ಕಟ್ಟೆಗೆ ಹೋದಳು.

ಮಾಸ್ತರರು ರಿಟೈರಾಗಿ ನಾಲ್ಕು ವರ್ಷವಾಗಿತ್ತು. ಓದುಬರಹ ಬಾರದವರಿಗೆಲ್ಲ ಪತ್ರ ಬರೆದುಕೊಡುವುದು ಅವರ ಈಗಿನ ಉದ್ಯೋಗ. ಹೇಳಿದವರ ಮಾತಿಗೆ ಒಂದಕ್ಷರ ಕೂಡಿಸುವುದಿಲ್ಲ, ಒಂದಕ್ಷರ ಕಳೆಯುವುದಿಲ್ಲ, ಒಬ್ಬರ ಪತ್ರದ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ ಎಂಬುದು ಅವರ ಹೆಮ್ಮೆ. ತಮ್ಮದೇ ಭಾಷೆ ತೋರಿಸಲು ಅವಕಾಶ ಸಿಕ್ಕರೆ ಮಾತ್ರ ಬಿಡುವವರಲ್ಲ. ರೇವವ್ವನ ಅರ್ಜಿಯಲ್ಲಿ ಅವರು, "ಗೋಧಿ, ಜೋಳ, ಸಜ್ಜೆ ಮುಂತಾದ ನಾನಾ ಧಾನ್ಯಗಳ ಗಿರಾಕಿಗಳನ್ನು ಷಡ್ವರ್ಷಪರ್ಯಂತ ಸಂತೃಪ್ತಿಪಡಿಸಿರುವ" ಎಂದು ಬರೆದು ತಾವೇ ಎರಡು ಸಲ ಓದಿಕೊಂಡರು.

"ದಾಖಲಿ ಅಣ್ಣನ ಕಡಿಂದ ಬರಸ್ಲೇನ್ರಿ ಮಾಸ್ತರ?" ಎಂದು ರೇವವ್ವ ಕೇಳಿದಳು.

"ಅಣ್ಣ ತಂಗಿಗೆ ಬರದು ಕೊಟ್ಟದ್ದಕ್ಕ ದಾಖಲಿ ಅನ್ನೂದಿಲ್ಲವ್ವಾ, ಮಾಯಾ-ಮಮತಾ ಅಂತಾರ. ಗಿರಾಕಿ ಕಡಿಂದ ಬರಸು. ಆರು ವರ್ಷ ನಿನ್ನ ಕೂಡ ಜಗಳಾಡಿದವರು ಹೇಳಬೇಕು."

ಮಾತು ಸರಿಯೆನಿಸಿತು. ಮರುದಿನ ಅವಳು ಗಿರಣಿಯ ಮೂವರು ಹಳೆಯ ಗಿರಾಕಿಗಳನ್ನು ಕೇಳಿಕೊಂಡಳು: ಹಿಟ್ಟು ಕಡಿಮೆ ಎಂದು ವಾರಕ್ಕೊಮ್ಮೆ ರಂಪ ಮಾಡುವ ಮುದುಕಿ ಹನಮವ್ವ, ಪಾಳಿಯ ವಿಷಯದಲ್ಲಿ ಯಾರಿಗೂ ಬಿಟ್ಟುಕೊಡದ ಸಾತವ್ವ, ಮಾತು ಕಡಿಮೆ ನಿಟ್ಟುಸಿರು ಹೆಚ್ಚು ಎನ್ನುವ ಹಾಗಿದ್ದ ದಾವಲಬಿ. ಮೂವರೂ ತಕರಾರಿಲ್ಲದೆ ಒಪ್ಪಿದರು. ಆ ಊರಿನಲ್ಲಿ ತಕರಾರಿಲ್ಲದೆ ಒಪ್ಪಿದರೆಂದರೆ ಸಂಶಯ ಬರಬೇಕಿತ್ತು. ಖುಷಿಯಲ್ಲಿದ್ದ ರೇವವ್ವನಿಗೆ ಬರಲಿಲ್ಲ.

ಮೂವರೂ ಕಟ್ಟೆಗೆ ಬಂದು ಹೇಳಿದ್ದನ್ನು ಮಾಸ್ತರರು ಬರೆದು, ಹೆಬ್ಬೆಟ್ಟು ಒತ್ತಿಸಿ, ಬೇರೆ ಬೇರೆ ಲಕೋಟೆಯಲ್ಲಿಟ್ಟು ಅರಗಿನ ಮುದ್ರೆ ಹಾಕಿದರು. ಅವಳ ಕೈಗೆ ಕೊಡುವಾಗ ಏನೋ ಹೇಳಲು ಬಾಯಿ ತೆರೆದವರು, ತಮ್ಮ ನೇಮ ನೆನಪಾಗಿ ಮುಚ್ಚಿಕೊಂಡರು. "ದೇವರು ದೊಡ್ಡವ ಅದಾನ, ಹೋಗಿ ಬಾ" ಎಂದಷ್ಟೇ ಹೇಳಿದರು.

ಸಂದರ್ಶನದ ದಿನ ಸಹಕಾರಿ ಅಂಗಡಿಯ ಕಚೇರಿಯಲ್ಲಿ ಮೇಜಿನಾಚೆ ಇಬ್ಬರು ಕುಳಿತಿದ್ದರು. ಒಬ್ಬರು ಸಂಘದ ಅಧ್ಯಕ್ಷ ಶಂಕ್ರೆಪ್ಪ, ಸಿಂದಗಿಯವರೇ. ಇನ್ನೊಬ್ಬರು ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದ ಸಾಹೇಬರು. ಈ ಸೀಮೆಯ ಜನ ಕುಶಲ ಕೇಳುವಾಗಲೂ ಯಾಕೆ ಬೈಯುತ್ತಾರೆ ಎಂಬುದು ಅವರಿಗೆ ಇನ್ನೂ ಬಗೆಹರಿದಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಪದವಿ ಮುಗಿಸಿದ ಇಬ್ಬರು ಹುಡುಗರು ಇಸ್ತ್ರಿ ಅಂಗಿ ಹಾಕಿಕೊಂಡು ಕುಳಿತಿದ್ದರು.

ಮಾಸ್ತರರು ಬಾಯಿಪಾಠ ಮಾಡಿಸಿದ್ದನ್ನು ರೇವವ್ವ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಗ್ರಾಹಕರ ಸಂತೃಪ್ತಿಯೇ ತನ್ನ ಸಂತೃಪ್ತಿ ಎಂದಳು. ಸಾಹೇಬರು ತಲೆದೂಗಿ, ಮೊದಲನೆಯ ಲಕೋಟೆ ಒಡೆದು ಗಟ್ಟಿಯಾಗಿ ಓದತೊಡಗಿದರು.

"ರೇವಿ ಆರು ವರ್ಷದಿಂದ ನನ್ನ ಹಿಟ್ಟ ಕಡಿಮಿ ಕೊಡಾಕತ್ತಾಳ. ಇಂಥಾಕಿನ್ನ ನೌಕರಿಗೆ ತಗೋಬ್ಯಾಡ್ರಿ. ಹನಮವ್ವನ ಹೆಬ್ಬೆಟ್ಟು."

ಸಾಹೇಬರು ಕನ್ನಡಕ ಒರೆಸಿಕೊಂಡು ಎರಡನೆಯದನ್ನು ತೆಗೆದರು. "ಈಕಿಗೆ ಪಾಳಿ ನೆನಪಿರಾಂಗಿಲ್ಲ. ಬಾಯಿ ಭಾಳ ಜೋರ. ಗಿರಣ್ಯಾಗ ಕುಂದ್ರಾಕಷ್ಟ ಲಾಯಕ್ ಅದಾಳ, ಬ್ಯಾರೆ ಕಡಿ ನಡ್ಯಾಂಗಿಲ್ಲ. ಸಾತವ್ವ."

ಮೂರನೆಯದು ದಾವಲಬಿಯದು. "ಹುಡುಗಿ ಬಂಗಾರದಂಥಾಕಿ. ಆದ್ರ ಪ್ರಕೃತಿ ಸೂಕ್ಷ್ಮ. ಊರ ಬಿಟ್ರ ಉಳಿಯಾಂಗಿಲ್ಲ, ಆ ಪಾಪ ನಿಮಗ ಬ್ಯಾಡ."

ರೇವವ್ವನ ಕಿವಿ ಬಿಸಿಯಾದವು. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹನಮವ್ವನ ಸೊಂಟ ಹಿಡಿದಾಗ ತಿಂಗಳುಗಟ್ಟಲೆ ಹಿಟ್ಟನ್ನು ತಾನೇ ಹೊತ್ತು ಮನೆಗೆ ಮುಟ್ಟಿಸಿದ್ದಳು. ಸಾತವ್ವನ ಜೋಳಕ್ಕೆ ಸಜ್ಜೆಯ ಧೂಳು ತಾಗದಿರಲೆಂದು ಸಜ್ಜೆಯವರನ್ನೆಲ್ಲ ಕಡೆಗೆ ಕೂರಿಸುತ್ತಿದ್ದಳು. ಸಿಂದಗಿಯ ಕೋಣೆ, ಮಗಳ ಶಾಲೆ, ಎಲ್ಲವೂ ಮೂರು ಹೆಬ್ಬೆಟ್ಟಿನಲ್ಲಿ ಅಳಿಸಿಹೋದವು ಅನಿಸಿ ಅಳು ಬಂದಂತಾಯಿತು.

"ಇದು ಶಿಫಾರಸೋ ದೂರೋ ಅಮ್ಮ?" ಎಂದರು ಸಾಹೇಬರು. "ನಿಜ ಹೇಳಿ, ಹಿಟ್ಟು ಕಡಿಮೆ ಕೊಡ್ತಿದ್ರಾ?"

ಆ ಮೂವರೂ ಸುಳ್ಳುಗಾತಿಯರು ಎಂದುಬಿಡಬಹುದಿತ್ತು. ಆದರೆ ಆರು ವರ್ಷದಲ್ಲಿ ಒಬ್ಬ ಗಿರಾಕಿಗೂ ಆಡದ ಮಾತು ಅವಳ ನಾಲಗೆಯ ಮೇಲೆ ಬರಲಿಲ್ಲ. ಬಾಯಿಪಾಠದ ಮಾತು ಆಗಲೇ ಮುಗಿದುಹೋಗಿತ್ತು. ಹೀಗಾಗಿ ತನ್ನದೇ ಮಾತಿನಲ್ಲಿ ಹೇಳಿದಳು.

"ಹಿಟ್ಟ ಕಡಿಮಿ ಬಿತ್ತು ಅಂತ ಯಾರರ ಅಂದ್ರ ನಾ ಮೊದಲ ತಕ್ಕಡಿ ತರಾಂಗಿಲ್ರಿ. ಮನ್ಯಾಗ ಏನಾಗೈತಿ ಅಂತ ಕೇಳ್ತೇನಿ."

"ಮನೆಗೂ ಹಿಟ್ಟಿಗೂ ಏನು ಸಂಬಂಧ?"

"ಐತ್ರಿ. ಬೀಗರು ಬಂದು ನಾಕ ದಿನ ಕುಂತಾಗ ಹಿಟ್ಟ ಕಡಿಮಿ ಬೀಳತೈತಿ. ಮಗ ಎದುರ ಮಾತಾಡಿದಾಗ ಬೀಳತೈತಿ. ಸೊಸಿ ಸಿಟ್ಟ ಮಾಡಿ ತವರಿಗೆ ಹ್ವಾದ್ರ ಅರ್ಧ ಚೀಲನ ಕಡಿಮಿ ಬೀಳತೈತಿ. ಅದನ್ನ ಕೇಳಿ, ಪೂರಾ ಹೇಳಾಕ ಬಿಡಬೇಕ್ರಿ. ಆಮ್ಯಾಲ ತಕ್ಕಡಿ ತರೂದು. ಖರೇನ ಕಡಿಮಿ ಇದ್ರ ತುಂಬಿ ಕೊಡೂದು. ಇಲ್ಲಂದ್ರ, ಒಂದ ಬೊಗಸಿ ಹೆಚ್ಚ ಹಾಕೂದು. ನೀ ಸುಳ್ಳ ಹೇಳಿದಿ ಅಂತ ಮಾತ್ರ ಅನಬಾರದು. ಅಂದ್ರ, ನಾ ಗೆದ್ದೆ ಖರೆ, ಆಕಿ ಬರೂ ವಾರ ಮತ್ತೊಂದ ಗಿರಣಿಗೆ ಹೋಗತಾಳ."

ಶಂಕ್ರೆಪ್ಪ ಬಾಯಲ್ಲಿದ್ದ ಎಲೆ ಅಗಿಯುವುದನ್ನು ನಿಲ್ಲಿಸಿದರು. ಸಾಹೇಬರು ಮೂರು ಪತ್ರಗಳನ್ನೂ ಮೇಜಿನ ಮೇಲೆ ಹರಡಿ, ತಮಾಷೆಗೆಂಬಂತೆ ಕೇಳಿದರು. "ಹಾಗಾದ್ರೆ ಈ ಮೂವರ ಮನೇಲಿ ಈಗ ಏನಾಗಿದೆ?"

ರೇವವ್ವ ಉತ್ತರಕ್ಕಾಗಿ ಒಬ್ಬೊಬ್ಬರ ಮನೆಯನ್ನೇ ಮನಸ್ಸಿನಲ್ಲಿ ಹೊಕ್ಕು ನೋಡಿದಳು. ಹನಮವ್ವನ ಸೊಸೆ ಮನೆಯಲ್ಲೇ ಇದ್ದಳು, ಹೊಂದಿಕೊಂಡೇ ಇದ್ದಳು. ಸಾತವ್ವನ ಎಮ್ಮೆ ಹೋದ ವಾರ ಈದಿತ್ತು. ಸೊಲ್ಲಾಪುರದಲ್ಲಿದ್ದ ದಾವಲಬಿಯ ಮಗನಿಂದ ಕಾಗದ ಬಂದಿತ್ತು. ಯಾರ ಮನೆಯಲ್ಲೂ ಏನೂ ಕೆಟ್ಟಿರಲಿಲ್ಲ. ಆಗ ಅವಳಿಗೆ ತಟ್ಟನೆ ತಿಳಿಯಿತು.

"ನಾ ಊರ ಬಿಟ್ಟು ಹೊಂಟೇನ್ರಿ," ಎಂದಳು. "ಅದ ಆಗೈತಿ. ಬ್ಯಾರೆ ಏನೂ ಆಗಿಲ್ಲ."

ಸಾಹೇಬರು ಅರ್ಥವಾಗದೆ ಅಧ್ಯಕ್ಷರ ಮುಖ ನೋಡಿದರು.

"ನಮ್ಮ ಕಡಿ ರಿವಾಜ ಹಂಗ ಐತ್ರಿ ಸಾಹೇಬ್ರ," ಎಂದರು ಶಂಕ್ರೆಪ್ಪ. "ಬ್ಯಾಡಾದವರನ್ನ ಹೊಗಳಿ ಕಳಸ್ತೇವಿ. ಬೇಕಾದವರನ್ನ ಬೈದು ಹಿಡಕೊಂತೇವಿ. ಹೊರಗ ಕುಂತ ಹುಡುಗರ ಸರ್ಟಿಫಿಕೇಟ್ ನೋಡ್ರಿ, ಒಂದರಾಗರ ಒಂದ ಬೈಗಳ ಐತೇನು?"

ಸಾಹೇಬರು ನಗಲಿಲ್ಲ. ದಾವಲಬಿಯ ಪತ್ರವನ್ನು ಇನ್ನೊಮ್ಮೆ ಓದಿ, ಮೂರನ್ನೂ ಮಡಚಿ ಕಡತದಲ್ಲಿಟ್ಟುಕೊಂಡರು. ಎಂಟನೆಯ ದಿನಕ್ಕೆ ನೌಕರಿಯ ಆರ್ಡರು ಅಂಚೆಯಲ್ಲಿ ಬಂತು.

ಸುದ್ದಿ ತಿಳಿದ ಮಾಸ್ತರರು, ಎಲ್ಲಾ ತಮ್ಮ "ಷಡ್ವರ್ಷಪರ್ಯಂತ"ದ ಪ್ರಭಾವ ಎಂದು ಕಟ್ಟೆಯ ಮೇಲೆ ಕುಳಿತು ಸಾರಿದರು. ಸಾತವ್ವ ಎರಡು ದಿನ ಗಿರಣಿಯ ಕಡೆ ಮುಖ ಹಾಕಲಿಲ್ಲ. ದಾವಲಬಿ ಬಂದಳು, ಮಗುವಿನ ಕೈಗೆ ಒಂದು ಬೆಲ್ಲದ ತುಂಡು ಇಟ್ಟಳು, ನಿಟ್ಟುಸಿರು ಬಿಟ್ಟು ಹೋದಳು. ಪತ್ರದ ಮಾತನ್ನು ರೇವವ್ವ ಯಾರೆದುರಿಗೂ ಎತ್ತಲಿಲ್ಲ. ಗಿರಾಕಿ ಸುಳ್ಳು ಹೇಳಿದಳೆಂದು ತೋರಿಸಿಕೊಡಬಾರದೆಂಬ ನೇಮ ಅಲ್ಲಿಗೂ ಅನ್ವಯಿಸುತ್ತಿತ್ತು.

ಊರು ಬಿಡುವ ಹಿಂದಿನ ದಿನ ಹನಮವ್ವ ಜೋಳದ ಚೀಲ ಹೊತ್ತುಕೊಂಡು ಬಂದಳು. ವಾರದ ಹಿಟ್ಟನ್ನು ಮೂರು ದಿನದ ಹಿಂದೆಯಷ್ಟೇ ಬೀಸಿಸಿಕೊಂಡು ಹೋಗಿದ್ದಳು. ರೇವವ್ವ ಏನೂ ಕೇಳದೆ ಜೋಳವನ್ನು ತಾನೇ ಸುರಿದಳು, ಬಿಸಿ ಹಿಟ್ಟನ್ನು ತುಂಬಿ ಮುಂದಿಟ್ಟಳು. ಮುದುಕಿ ಚಿಟಿಕೆ ಹಿಟ್ಟು ತೆಗೆದು ಬೆರಳಲ್ಲಿ ತಿಕ್ಕಿದಳು. ಚೀಲ ಎತ್ತಿ ನೋಡಿದಳು, ಇಳಿಸಿದಳು.

"ಕಡಿಮಿ ಬಿದ್ದೈತಿ," ಎಂದು ಗಿರಣಿಯೆಲ್ಲ ಕೇಳುವಂತೆ ಕೂಗಿದಳು.

"ಮನ್ಯಾಗ ಏನಾಗೈತಿ, ಅತ್ತಿ?" ಎಂದು ರೇವವ್ವ ಎಂದಿನಂತೆ ಕೇಳಿದಳು.

ಹನಮವ್ವ ಚೀಲದ ಬಾಯಿ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು.

"ನಾಳಿಂದ ಹಿಂಗ ಕೇಳವರ ಯಾರವ್ವಾ?" ಎಂದಳು.

ಎಂಜಿನ್ ಇನ್ನೂ ಬಡಿದುಕೊಳ್ಳುತ್ತಲೇ ಇತ್ತು. ಮುದುಕಿ ಮೆಲ್ಲಗೆ ಹೇಳಿದ್ದಳು, ಆದರೂ ರೇವವ್ವನಿಗೆ ಕೇಳಿಸಿತು.