ಯಾವ ಸಾಲಿನ ಸೊಪ್ಪು

ಸದ್ದು ನಿಂತಿದೆ, ಇಷ್ಟು ಹೊತ್ತೂ ಇತ್ತಲ್ಲ, ತಟ್ಟೆಗಳ ತುಂಬ ಆ ಚರಚರ, ರೇಷ್ಮೆಹುಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು, ಅದು ಕೇಳುತ್ತಿದ್ದರೆ ಹುಳುಮನೆಗೆ ಜೀವ ಇದೆ ಅಂತ, ಈಗ ಇಲ್ಲ, ನನ್ನ ಕಿವಿಯೇ ಹೋಯಿತೋ ಏನೋ, ಇಲ್ಲ, ಹೊರಗೆ ಪಕ್ಕದ ಹೊಲದ ವೆಂಕಟ್‌ನ ಟ್ರ್ಯಾಕ್ಟರ್ ಕೇಳುತ್ತಿದೆ, ಹುಳುಗಳಷ್ಟೇ ಸುಮ್ಮನಿವೆ, ತಲೆ ಎತ್ತಿಕೊಂಡು, ಒಂದೂ ಅಲ್ಲಾಡದೆ — ಏನ್ ನೋಡ್ತೀರೋ, ಕೋದಂಡರಾಮಪ್ಪನ ಮುಖ ನೋಡಿಲ್ಲವಾ, ನಿಮ್ಮ ತಾತನ ತಾತನಿಗೆ ಸೊಪ್ಪು ಹಾಕಿದವನು ನಾನು, ಬೈರಕೂರಿನ ಸುತ್ತ ಯಾರ ಮನೆಯ ಹುಳುವಿಗೆ ಜ್ವರ ಬಂದರೂ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದವನು. ಸೊಪ್ಪು. ಹೌದು, ಸೊಪ್ಪು ಹಾಕಿದೆ. ಬೆಳಿಗ್ಗೆ ಸುನಂದ ಸ್ಕೂಟಿ ಮೇಲೆ ಕೂತು ಹೇಳಿದಳು, ನನ್ನ ಮಗಳು, ಈಗ ಈ ಹುಳುಮನೆಯ ಯಜಮಾನಿ, ಅಪ್ಪಾ ಮುಳಬಾಗ್ಲಿಗೆ ಹೋಗಿ ಸುಣ್ಣದ ಪುಡಿ ತರ್ತೀನಿ, ಹುಳ ನೋಡ್ಕೋ, ಇವತ್ತೊಂದಿನ ನಿನ್ನ ನಂಬಿ ಹೋಗ್ತಿದೀನಿ — ಆಮೇಲೆ ಇನ್ನೇನೋ ಬೇಡ ಅಂದಳು, ಆ ಬೇಡ ಮಾತ್ರ ಕಿವಿಯಲ್ಲಿ ಉಳಿದಿದೆ, ಏನು ಬೇಡ, ಕುಡಿಯಬೇಡ ಅಂದಿರಬೇಕು, ಅದನ್ನು ದಿನಾ ಅನ್ನುತ್ತಾಳೆ, ಇದು ಬೇರೆ ಬೇಡ — ಹಾಂ, ಸಿಕ್ಕಿತು, ಟೊಮ್ಯಾಟೊ ಪಕ್ಕದ ಸಾಲು ಬೇಡ, ಔಷಧಿ ಹೊಡೆದವ್ರೆ, ಆ ಸೊಪ್ಪು ತಿಂದ್ರೆ ಹುಳ ಒಂದೂ ಉಳಿಯಲ್ಲ, ಕೆರೆ ಕಡೆ ಸಾಲು ಕೊಯ್ಯಿ. ಅದೇ ಹೇಳಿದ್ದು. ಇನ್ನೇನು ಹೇಳುತ್ತಾಳೆ.

ಹಾಗಾದರೆ ನಾನು ಯಾವ ಸಾಲು ಕೊಯ್ದೆ. ಕೆರೆ ಕಡೆಯದು, ಖಂಡಿತ, ಅಲ್ಲಿ ಒಂದು ಕೊಕ್ಕರೆ ಕೂತಿತ್ತು — ಆದರೆ ಟೊಮ್ಯಾಟೊ ಗಿಡ ಸವರಿದ ವಾಸನೆಯೂ ನೆನಪಿದೆ, ಕೈಗೆಲ್ಲ ಹಸಿರು ಅಂಟು, ಗಿಡಕ್ಕೆ ಬಿದ್ದ ಕುಡುಗೋಲು, ಕುಡುಗೋಲು ಹಿಡಿದ ಕೈ, ಆ ಕೈಯಲ್ಲಿ ಹಸಿರು ಗಾಜಿನ ಬಳೆ — ಬಳೆ ಯಾಕೆ, ನನ್ನ ಕೈಗೆ ಬಳೆ ಎಲ್ಲಿಂದ ಬಂತು. ಮುಂಚೆಯಾಗಿದ್ದರೆ ಒಂದು ಎಲೆ ಮೂಸಿದರೆ ಸಾಕಿತ್ತು, ಔಷಧಿ ಬಿದ್ದು ವಾರವಾಗಿದ್ದರೂ ಮೂಗು ಹೇಳುತ್ತಿತ್ತು, ಈಗ ಏನು ಮೂಸಿದರೂ ಬ್ರಾಂದಿಯೇ, ನನ್ನ ಬಾಯಿಂದ ಹೊರಟು ನನ್ನ ಮೂಗಿಗೇ ಬರುತ್ತದೆ, ಕುಡಿದದ್ದು ಕಾಲು ಬಾಟಲಿ, ಪಂಪ್ ಮನೆಯಲ್ಲಿ ಬಚ್ಚಿಟ್ಟಿದ್ದು, ಅಷ್ಟೇ, ಅದು ಬೆಳಿಗ್ಗೆಯೋ ನಿನ್ನೆಯೋ. ಮೂಸೋಣ ಅಂದರೆ ತಟ್ಟೆಯಲ್ಲಿ ಎಲೆಯೂ ಇಲ್ಲ. ಎಲ್ಲ ತಿಂದು ಮುಗಿಸಿವೆ. ಅಯ್ಯೋ, ಅಷ್ಟೂ ಹೊಟ್ಟೆಗೆ ಹೋಯಿತು. ಕುಡುಗೋಲು ಒಣಗಿದೆ, ನಾನೇ ಒರೆಸಿ ಇಟ್ಟಿರಬೇಕು, ಅಚ್ಚುಕಟ್ಟು ನನಗೆ ಮೊದಲಿನಿಂದಲೂ ಇದೆ.

ಕೋಲಾರದ ಡಾಕ್ಟರು ತಲೆಯ ಫೋಟೋ ಬೆಳಕಿಗೆ ಹಿಡಿದು ಸುನಂದಳಿಗೆ ತೋರಿಸಿದರು, ನನಗಲ್ಲ, ತಲೆ ನನ್ನದು, ವಿವರಣೆ ಅವಳಿಗೆ, ನೋಡಮ್ಮಾ ವಯಸ್ಸಾದಾಗ ಎಲ್ರಿಗೂ ಮೆದುಳು ಸ್ವಲ್ಪ ಕುಗ್ಗುತ್ತೆ, ಇವ್ರಿಗೆ ಕುಡಿತದಿಂದ ಜಾಸ್ತಿ ಕುಗ್ಗಿದೆ, ವಯಸ್ಸಲ್ಲಿ ತಡ್ಕೊಂಡಷ್ಟನ್ನ ಈಗ ಮೈ ತಡ್ಕೊಳ್ಳಲ್ಲ, ನೆನಪು ಇಲ್ಲದ ಕಡೆ ಮೆದುಳೇ ಕಥೆ ಕಟ್ಟಿ ತುಂಬಿಸುತ್ತೆ, ಅದು ಸುಳ್ಳು ಹೇಳೋದಲ್ಲ, ಅವ್ರಿಗೆ ಅದೇ ನಿಜ. ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಹುಳು ಗಲಗಲ ಅನ್ನುತ್ತದಲ್ಲ, ಮನೆಗೆ ಬಂದು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ನಾನೂ ತಲೆ ಅಲ್ಲಾಡಿಸಿ ನೋಡಿದೆ, ಏನೂ ಕೇಳಲಿಲ್ಲ, ನಗು ಬಂತು, ಆಮೇಲೆ ಹೆದರಿಕೆಯಾಯಿತು. ಈಗಲೂ ಹೆದರಿಕೆಯಾಗುತ್ತಿದೆ. ಸುನಂದ ಮಾಲೂರಿನ ಗಂಡನ ಮನೆ ಬಿಟ್ಟು ಒಂದು ಚೀಲ ಹಿಡಿದು ಬಂದವಳು, ಮುಚ್ಚಿದ್ದ ಈ ಮನೆಗೆ ತಾನೇ ಸುಣ್ಣ ಬಳಿದು ತಟ್ಟೆ ಜೋಡಿಸಿದವಳು, ಇದು ಅವಳದೇ ಮೊದಲ ಬೆಳೆ, ಇದನ್ನೂ ಅಪ್ಪ ಹಾಳು ಮಾಡಿದ ಅಂದರೆ — ಪುರುಗುಲಂತಾ ಪಾಯೆ ಕದಯ್ಯಾ, ಹುಳುವೆಲ್ಲ ಹೋದವಲ್ಲಾ, ಯಾರು ಅಳುತ್ತಿರುವುದು, ಅಶ್ವತ್ಥಮ್ಮನ ದನಿ, ನನ್ನ ಹೆಂಡತಿ, ಅವಳಿಗೆ ದುಃಖ ಬಂದರೆ ತೆಲುಗೇ ಬರುತ್ತಿತ್ತು, ಅವಳು ತೀರಿಕೊಂಡಳಲ್ಲ, ತೀರಿಕೊಂಡವಳು ಅಳುತ್ತಾಳಾ, ಯಾರೋ ಅಳುತ್ತಿದ್ದಾರೆ, ಹುಳುಗಳು ತಲೆ ಎತ್ತಿ ಕೇಳಿಸಿಕೊಳ್ಳುತ್ತಿವೆ.

ಏನಾದರೂ ಮಾಡಬೇಕು, ಸುಮ್ಮನೆ ನಿಂತರೆ ಆಗುವುದಿಲ್ಲ, ವಿಷ ತಿಂದದ್ದನ್ನು ಬೇರೆ ಮಾಡಬೇಕು, ಮೇಲಿನ ತಟ್ಟೆಯಿಂದ ಶುರು ಮಾಡುತ್ತೇನೆ, ತಟ್ಟೆ ಬಾಗಿಲಿಗೆ ಬಡಿಯಿತು, ಬಿಸಿಲು, ತಿಪ್ಪೆ, ಸುರಿದೆ. ಬಿದ್ದವು. ಸಗಣಿಯ ಮೇಲೆ ಬಿದ್ದರೂ ಹಾಗೇ ಕೂತಿವೆ, ತಲೆ ಎತ್ತಿಕೊಂಡು. ಇನ್ನೊಂದು ತಟ್ಟೆ ತರಬೇಕು, ಅಷ್ಟರಲ್ಲಿ ಸ್ಕೂಟಿ, ಸುಣ್ಣದ ಚೀಲ ಕೆಳಗೆ ಬಿತ್ತು, ಅಪ್ಪಾ ಏನ್ ಮಾಡ್ತಿದೀಯ, ಅಯ್ಯೋ ಯಾಕಪ್ಪಾ ಸುರಿದೆ. ವಿಷ ಕಣಮ್ಮಾ, ಟೊಮ್ಯಾಟೊ ಪಕ್ಕದ ಸೊಪ್ಪು ಹಾಕ್ಬಿಟ್ಟೆ ಅನ್ಸುತ್ತೆ. ಯಾವ ಸೊಪ್ಪು, ಇವತ್ತು ಯಾರೂ ಸೊಪ್ಪೇ ಕೊಯ್ದಿಲ್ವಲ್ಲಪ್ಪಾ, ಜ್ವರ ಕಣಪ್ಪಾ, ನಾಲ್ಕನೇ ಜ್ವರಕ್ಕೆ ಕೂತವೆ, ಪೊರೆ ಬಿಡೋ ಹೊತ್ತು, ಏನೂ ತಿನ್ನದೆ ಸುಮ್ನೆ ಕೂತಿರ್ತವೆ, ಸೊಪ್ಪು ಹಾಕ್ಬೇಡ ಮುಟ್ಬೇಡ ಅಂತ ಅಷ್ಟು ಹೇಳಿ ಹೋದೆ, ಜ್ವರಕ್ಕೆ ಕೂತ್ರೆ ಸುಣ್ಣ ಉದುರಿಸ್ಬೇಕು ಅಂತ ತಾನೇ ಸುಣ್ಣ ತರಕ್ಕೆ ಹೋಗಿದ್ದು. ಇಲ್ಲ, ನೀನೇ ಅಂದೆ, ಔಷಧಿ ಹೊಡೆದವ್ರೆ ಅಂತ. ಅದು ನಾನು ಹೈಸ್ಕೂಲಲ್ಲಿದ್ದಾಗ ಅಪ್ಪಾ, ಔಷಧಿ ಹೊಡೆದಿದ್ದು ಗೊತ್ತಿಲ್ದೆ ಅಮ್ಮ ಕೊಯ್ದು ಹಾಕಿದ್ಲು, ನೀನಲ್ಲ. ಅಮ್ಮ. ಹಸಿರು ಬಳೆ.

ಅವಳು ಬೈಯಬೇಕಿತ್ತು, ಬೈಯುವುದಿಲ್ಲ, ತಿಪ್ಪೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ ತಟ್ಟೆಗೆ ಬಿಡುತ್ತಾಳೆ, ನಾನೂ ಕೂರುತ್ತೇನೆ, ಜ್ವರ ಬಂದ ಹುಳುವನ್ನು ಹೇಗೆ ಎತ್ತಬೇಕು ಅಂತ ಇವಳಿಗೆ ಕಲಿಸಿದ್ದು ನಾನು, ಚಿಕ್ಕವಳಿದ್ದಾಗ, ಇವಳ ಬೆರಳು ಹಿಡಿದು, ತಲೆ ಎತ್ತಿ ಕೂತಿದ್ರೆ ಜ್ವರ ಕಣೇ ಅಂತ, ನೋಡು ಹೀಗೆ ಅಂತ — ಬೆರಳು ಚಾಚುತ್ತೇನೆ, ಬೆರಳು ಹುಳುವಿನ ಆಚೆಗೆ ಹೋಗುತ್ತದೆ, ಈಚೆಗೆ ಬರುತ್ತದೆ, ಹುಳುವಿನ ಮೇಲೆ ನಿಲ್ಲುವುದಿಲ್ಲ. ಬೇಡಪ್ಪಾ, ನೀನು ಮುಟ್ಬೇಡ. ಅವಳ ದನಿ ಒಡೆದಿದೆ. ಬೇಡ, ಬೆಳಿಗ್ಗೆ ಹೇಳಿದ ಬೇಡ ಇದೇ ಇರಬೇಕು. ಯಾಕೆ ಅಳುತ್ತಿದ್ದಾಳೆ, ಏನೋ ಆಗಿದೆ, ನನ್ನಿಂದಲೇ ಏನೋ ಆಗಿದೆ, ಸೊಪ್ಪಿನ ವಿಷಯ, ಹೌದು, ಸೊಪ್ಪು — ಸುನಂದಾ, ನಾನು ಯಾವ ಸಾಲಿನ ಸೊಪ್ಪು ಹಾಕಿದೆ. ಅವಳು ಇನ್ನೊಂದು ಹುಳು ಎತ್ತಿ ತಟ್ಟೆಗೆ ಬಿಡುತ್ತಾಳೆ. ಸಗಣಿಯ ಮೇಲೆ ಒಂದು ಉಳಿದಿದೆ, ಅವಳ ಕಣ್ಣಿಗೆ ಬಿದ್ದಿಲ್ಲ, ಬೆಳ್ಳಗೆ, ತಲೆ ಎತ್ತಿಕೊಂಡು, ಇಲ್ಲಿದೆ ಅಂತ ಹೇಳಬೇಕು, ಅದನ್ನು ಏನಂತಾರೆ, ತಲೆ ಎತ್ತಿ ಕೂತಿದ್ದರೆ ಅದನ್ನು ಏನೋ ಅಂತಾರೆ, ತಲೆ ಎತ್ತಿ, ಬೆಳ್ಳಗೆ, ತಲೆ ಎತ್ತಿ